ಒಂದು ಕಾಲಿಗೆ ಚಪ್ಪಲಿ

ನಮ್ಮ ಕಡೆ ಹಾವು ಕಚ್ಚಿತು ಅಂತ ಯಾರೂ ಹೇಳುವುದಿಲ್ಲ. ಹುಳ ಮುಟ್ಟಿತು ಅನ್ನುತ್ತಾರೆ. ಹೆಸರು ಹಿಡಿದು ಕರೆದರೆ ಅದು ಬಂದೇಬಿಡುತ್ತದೆ ಅನ್ನುವ ಅಂಜಿಕೆ. ಓದಿದವರು ನಗಬಹುದು. ನಗಲಿ, ಕಿತ್ತು ಹಾಕಿದ ಕಡಲೆಕಾಯಿ ಗಿಡದ ಗುಡ್ಡೆಯೊಳಗೆ ಒಂದು ಸಲ ಬರಿಗೈ ಹಾಕಿ ಆಮೇಲೆ ನಗಲಿ. ಹಾಲೇಶ ಆ ವೆಬ್‌ಸೈಟ್ ಕಟ್ಟಿದಾಗ ಅದಕ್ಕೂ ‘ಹುಳ ಮುಟ್ಟಿದರೆ’ ಅಂತಲೇ ಹೆಸರಿಟ್ಟಿದ್ದು ಅದಕ್ಕೇ.

ಅದರಲ್ಲಿ ಇದ್ದದ್ದು ಒಂದೇ ಸಂಗತಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಯಾವ ಆಸ್ಪತ್ರೆಯಲ್ಲಿ ಇವತ್ತು ಹುಳದ ಇಂಜೆಕ್ಷನ್ ಇದೆ, ಯಾವುದರಲ್ಲಿ ಮುಗಿದಿದೆ. ಇದ್ದ ಕಡೆ ಹಸಿರು, ಇಲ್ಲದ ಕಡೆ ಕೆಂಪು. ಅಕ್ಷರ ಬಾರದವರಿಗೂ ತಿಳಿಯುತ್ತಿತ್ತು. ಬೆಳಿಗ್ಗೆ ಎದ್ದು ಆಯಾ ಆಸ್ಪತ್ರೆಯ ಔಷಧಿ ಕೊಡುವವರು ಮೊಬೈಲಿನಲ್ಲೇ ಎಷ್ಟಿದೆ ಅಂತ ಒತ್ತುತ್ತಿದ್ದರು. ಒತ್ತಿದವರ ಹೆಸರು, ಒತ್ತಿದ ಗಂಟೆ ಕೆಳಗೆ ಸಣ್ಣ ಅಕ್ಷರದಲ್ಲಿ ಮೂಡುತ್ತಿತ್ತು. ತಾರೀಖು ಮಾತ್ರ ಇರುತ್ತಿರಲಿಲ್ಲ. ದಿನಾ ಬದಲಾಗುವುದಕ್ಕೆ ತಾರೀಖು ಯಾಕೆ ಅಂತ ಹಾಲೇಶ ಅದನ್ನು ಬಿಟ್ಟಿದ್ದ. ಯಾರಿಗೂ ಅದೊಂದು ಕೊರತೆ ಅನ್ನಿಸಿರಲಿಲ್ಲ.

ಹಾಲೇಶ ಪಟ್ಟನಾಯಕನಹಳ್ಳಿ ಕಡೆಯ ಕಾಲೇಜಿಗೆ ಮೇಷ್ಟ್ರಾಗಿ ಹೋದ ಮೇಲೆ ಸೈಟು ಭವ್ಯಳ ಕೈಗೆ ಬಂತು. ಮಧುಗಿರಿಯಲ್ಲಿ ಕೋಟೆ ಬೆಟ್ಟಕ್ಕೆ ಮುಖ ಮಾಡಿ ಅವಳದೊಂದು ಜೆರಾಕ್ಸ್ ಅಂಗಡಿ. ಅರ್ಜಿ ಹಾಕಿಕೊಡುವುದು, ಫ್ಲೆಕ್ಸ್ ಮಾಡಿಸಿಕೊಡುವುದು, ಊರವರ ಆಧಾರ್ ಕಾರ್ಡಿನ ತಾಪತ್ರಯ, ಎಲ್ಲ ಅಲ್ಲೇ. ಕೈ ಚುರುಕು, ಬಾಯಿ ಇನ್ನೂ ಚುರುಕು. ಆದರೆ ಇನ್ನೊಬ್ಬರನ್ನು ಕೇಳುವುದೆಂದರೆ ಮಾತ್ರ ಅವಳಿಗೆ ಮೈಯೆಲ್ಲ ಉರಿ. “ಅಪ್‌ಗ್ರೇಡ್ ಗಿಪ್‌ಗ್ರೇಡ್ ಅಂತ ಬಂದ್ರೆ ನಂಗೊಂದು ಮಾತು ಹೇಳಮ್ಮ” ಅಂತ ಹಾಲೇಶ ಹೋಗುವಾಗ ಹೇಳಿದ್ದ. “ಆಯ್ತು ಕಣಣ್ಣ, ಹೇಳ್ತೀನಿ” ಅಂದಿದ್ದಳು. ಅಂದದ್ದಷ್ಟೇ.

ಸೈಟಿಗೆ ಜಾಗ ಕೊಟ್ಟ ಕಂಪನಿಯವರು ಎರಡು ತಿಂಗಳಿಂದ ಮೇಲ್ ಕಳಿಸುತ್ತಿದ್ದರು. ನಿಮ್ಮದು ಹಳೇ ಕಾಲದ್ದು, ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ನಿಲ್ಲಿಸುತ್ತೇವೆ. ಒಂದು ಭಾನುವಾರ ಸಂಜೆ ಗಿರಾಕಿ ಇಲ್ಲದ ಹೊತ್ತು ನೋಡಿ ಭವ್ಯ ಆ ಕೆಲಸಕ್ಕೆ ಕೂತಳು. ಹೊಸ ಫೈಲುಗಳನ್ನೆಲ್ಲ ಒಂದೊಂದಾಗಿ ಮೇಲೇರಿಸುತ್ತಾ ಅರ್ಧಕ್ಕೆ ಬಂದಿದ್ದಳು, ಹಾಳಾದ ಕರೆಂಟು ಅದೇ ಹೊತ್ತಿಗೆ ಹೋಗಬೇಕೆ? ಯುಪಿಎಸ್ ಎರಡು ಸಲ ಕುಂಯ್ ಅಂದು ಸತ್ತುಹೋಯಿತು. ಕರೆಂಟು ಬಂದ ಮೇಲೆ ಸೈಟು ತೆಗೆದರೆ ಬಿಳಿ ಹಾಳೆ, ಅದರ ಮೇಲೆ ಒಂದೇ ಸಾಲು: ಡೇಟಾಬೇಸ್ ಜೊತೆ ಸಂಪರ್ಕ ಆಗುತ್ತಿಲ್ಲ.

ವೆಬ್‌ಸೈಟು ಅನ್ನುವುದು ಅಂಗಡಿಯ ಮುಂಬಾಗಿಲು ಅಂದುಕೊಳ್ಳಿ, ಡೇಟಾಬೇಸು ಒಳಗಿನ ಉಗ್ರಾಣ. ಸಾಮಾನೆಲ್ಲ ಉಗ್ರಾಣದಲ್ಲೇ ಇರುತ್ತದೆ. ಯಾವ ಉಗ್ರಾಣ, ಯಾವ ಬೀಗ ಅಂತ ಬರೆದಿಟ್ಟ ಒಂದು ಫೈಲು ಇರುತ್ತದೆ. ಅರ್ಧಕ್ಕೆ ನಿಂತ ಅಪ್‌ಗ್ರೇಡು ಆ ಫೈಲಿನ ಮೇಲೆ ಖಾಲಿ ಫೈಲನ್ನು ಕೂರಿಸಿತ್ತು. ಬಾಗಿಲಿಗೆ ತನ್ನ ಉಗ್ರಾಣ ಯಾವುದು ಅನ್ನುವುದೇ ಮರೆತುಹೋಗಿತ್ತು. ಭವ್ಯ ಸ್ವಲ್ಪ ಹೊತ್ತು ಗುದ್ದಾಡಿ, ಬೆಳಿಗ್ಗೆ ನೋಡಿದರಾಯಿತು ಅಂತ ಶಟರ್ ಎಳೆದು ಮನೆಗೆ ಹೋದಳು. ಒಂದು ರಾತ್ರಿಯಲ್ಲಿ ಏನು ಮುಳುಗಿಹೋಗುತ್ತದೆ ಅಂದುಕೊಂಡಳು.

ಸೋಮವಾರ ಬೆಳಿಗ್ಗೆ ಅವಳು ಶಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅಂಗಡಿಯ ನಂಬರನ್ನೇ ಸೈಟಿನ ನಂಬರು ಅಂತ ಹಾಲಿನ ಡೈರಿಗಳ ಗೋಡೆಗೆಲ್ಲ ಅಂಟಿಸಿದ್ದರು.

“ಅಕ್ಕಾ, ನಿಮ್ಮ ಸೈಟು ತೆಗೀತಾನೇ ಇಲ್ಲ ಕಣಕ್ಕ. ನಮ್ಮವ್ವಂಗೆ ಹುಳ ಮುಟ್ಬುಟ್ಟೈತೆ.”

ಓಬಳರಾಜು ಅಂತ, ಮಿಡಿಗೇಶಿ ಹತ್ತಿರದ ಹಳ್ಳಿಯವನು. ಲಗೇಜ್ ಆಟೋ ಓಡಿಸುತ್ತಿದ್ದ. ಬೆಳಗಿನ ತಂಪಿನಲ್ಲಿ ತಾಯಿ ಮಗ ಇಬ್ಬರೂ ಕಡಲೆಕಾಯಿ ಗುಡ್ಡೆ ತಿರುವಿ ಹಾಕುತ್ತಿದ್ದರಂತೆ. ತಾಯಿ ಕದರಮ್ಮ ಗಿಡ ತಬ್ಬಿ ಎತ್ತಿದ್ದಾಳೆ, ಅಡಿಯಲ್ಲಿ ಅದು ಸುತ್ತಿಕೊಂಡು ಮಲಗಿತ್ತು.

“ಹೆಡೆ ಎತ್ತಿತ್ತಾ ಅಣ್ಣ?” ಭವ್ಯ ಕೇಳಿದಳು.

“ಎತ್ತಿತ್ತು. ಕಣ್ಣಾರ ಕಂಡೆ. ಈಗ ರೋಡಿಗೆ ಬಂದ್ಬುಟ್ಟಿವ್ನಿ. ಯಾ ಕಡೀಕೆ ತಿರುಗುಸ್ಲಿ? ಮಧುಗಿರಿಗೋ, ಪಾವಗಡದ ಕಡೀಕೋ?”

ಮಿಡಿಗೇಶಿ ಎರಡಕ್ಕೂ ನಡುವೆ. ಈ ಕಡೆ ಬಂದರೆ ಮಧುಗಿರಿಯ ಆಸ್ಪತ್ರೆ, ಆ ಕಡೆ ಹೋದರೆ ಪಾವಗಡ ರಸ್ತೆಯ ಆಸ್ಪತ್ರೆ, ಹೆಚ್ಚುಕಮ್ಮಿ ಒಂದೇ ದೂರ. ಕಡಲೆಕಾಯಿ ಕೀಳುವ ಕಾಲದಲ್ಲಿ ಒಂದು ಕಡೆ ಇದ್ದ ಇಂಜೆಕ್ಷನ್ ಇನ್ನೊಂದು ಕಡೆ ಇರುವುದಿಲ್ಲ. ಇದ್ದ ಕಡೆಗೇ ಮೊದಲ ಸಲಕ್ಕೇ ಹೋಗಬೇಕು. ಹೆಡೆಯ ಹುಳ ಎರಡನೇ ಸಲಕ್ಕೆ ಕಾಯುವುದಿಲ್ಲ. ಭವ್ಯ ಬಾಯಿ ತೆರೆಯುವ ಮೊದಲೇ ಅತ್ತ ಕಡೆಯಿಂದ ಕದರಮ್ಮನ ಗಟ್ಟಿ ದನಿ ಕೇಳಿತು.

“ಯಾರ್ಲಾ ಅದು? ಕೊಡಿಲ್ಲಿ ಪೋನ. ಅವ್ವಾ, ನೀನ್ಯಾಕಮ್ಮ ಗಾಬ್ರಿ ಬೀಳ್ತೀಯ? ಒಂದ್ ಹುಳ, ಕೈ ಬೆಳ್ಳು ತಾವ ಮುಟ್ಟೈತೆ ಅಷ್ಟೇಯ. ಇವ್ನು ಗುಡ್ಡೆನೆಲ್ಲ ಅಂಗೇ ಬುಟ್ಟು ನನ್ನ ಹೊತ್ಕೊಂಡು ಓಡ್ತಾವ್ನೆ. ದನ ನುಗ್ಗುದ್ರೆ ಯಾರಮ್ಮ ನೋಡೋರು? ನೀನಾದ್ರೂ ಹೇಳು.”

ಭವ್ಯಳಿಗೆ ಆ ಗಾಬರಿಯಲ್ಲೂ ನಗು ಬಂತು. ಇಷ್ಟು ಮಾತಾಡುವ ಹೆಂಗಸಿಗೆ ಏನೂ ಆಗುವುದಿಲ್ಲ ಅನ್ನಿಸಿತು. “ಅಮ್ಮಾ, ಕೈ ಆಡಿಸ್ಬೇಡಿ, ಸುಮ್ನೆ ಕೂತ್ಕೊಳಿ. ಅಣ್ಣಾ, ಒಂಚೂರು ಹೊತ್ತು ಕೊಡಿ, ಎಲ್ಲಿದೆ ಅಂತ ನೋಡಿ ಹೇಳ್ತೀನಿ” ಅಂದು ಫೋನಿಟ್ಟಳು.

ಮೊದಲು ಹಾಲೇಶನಿಗೆ ಮಾಡಿದಳು. ಸ್ವಿಚ್ ಆಫ್. ಕಾರ್ತಿಕ ಸೋಮವಾರ, ಅವನು ಮಠದಲ್ಲಿರುತ್ತಾನೆ, ಪೂಜೆ ಮುಗಿಯುವ ತನಕ ಫೋನು ಮುಟ್ಟುವುದಿಲ್ಲ. ಮಧುಗಿರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಲೋಹಿತಾಗೆ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಆ ಹುಡುಗಿ ತೋವಿನಕೆರೆಯಿಂದ ಸ್ಕೂಟರಿನಲ್ಲಿ ಬರುವವಳು, ದಾರಿಯಲ್ಲಿದ್ದಾಳೆ. ಪಾವಗಡ ರಸ್ತೆಯವರ ನಂಬರು ಸೈಟಿನಲ್ಲೇ ಇತ್ತು. ಸೈಟು ತೆರೆಯಬೇಕಲ್ಲ.

ಕಂಪ್ಯೂಟರಿಗೆ ಕೂತಳು. ಡೇಟಾಬೇಸಿನ ಯಂತ್ರ ನಡೆಯುತ್ತಿದೆಯೋ ನೋಡಿದಳು, ನಡೆಯುತ್ತಿತ್ತು. ಪಾಸ್‌ವರ್ಡ್ ನೆನಪಿಲ್ಲ, ಹೊಸದು ಹಾಕಿದಳು. ಬಿಳಿ ಹಾಳೆ ಹಾಗೇ ಇತ್ತು. ಇನ್ನು ಉಳಿದದ್ದು ಉಗ್ರಾಣದ ಹೆಸರು. ಕಂಪನಿಯ ಪುಟ ತೆರೆದರೆ ಒಂದರ ಕೆಳಗೊಂದು ಎರಡು ಹೆಸರು, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ ಕನ್ನಡ. ನಾವೆಲ್ಲ ಮೊಬೈಲಿನಲ್ಲಿ ಹೊಡೆಯುತ್ತೇವಲ್ಲ, ಹಾಗೆ. ಒಂದು ಎಚ್, ಎ, ಎಲ್, ಇ. ಇನ್ನೊಂದು ಎಚ್, ಓ, ಎಸ್, ಎ.

ಹಳೆ. ಹೊಸ.

ಅಲ್ಲೇ ಎಡವಿದಳು ನೋಡಿ. ಆದರೆ ಅವಳ ಜಾಗದಲ್ಲಿ ನೀವಿದ್ದರೂ, ನಾನಿದ್ದರೂ ಹಾಗೇ ಓದುತ್ತಿದ್ದೆವು. ಒಂದು ಗಳಿಗೆಯೂ ಯೋಚಿಸದೆ ಹೊಸದನ್ನು ಆರಿಸಿದಳು. ಹಳೆಯದು ಹೊಸದರ ಎರಡರಷ್ಟು ದೊಡ್ಡದಿದೆ ಅನ್ನುವುದು ಕಣ್ಣಿಗೆ ಬಿತ್ತು. ಹಳೇ ಮನೆಯಲ್ಲಿ ಕಸ ಜಾಸ್ತಿ ಇರುವುದೇ, ಅಂದುಕೊಂಡು ಮುಂದೆ ಹೋದಳು.

ಹೆಸರು ಹಾಕಿದರೂ ಬಿಳಿ ಹಾಳೆ ಕದಲಲಿಲ್ಲ. ಭವ್ಯಳಿಗೆ ಅಳು ಬಂತು, ಸಿಟ್ಟೂ ಬಂತು. ತೂ, ಇದರ ಮನೆ ಹಾಳಾಗ ಅಂತ ಎದ್ದಳು. ಆಸ್ಪತ್ರೆ ಏನು ಸಪ್ತ ಸಮುದ್ರದಾಚೆ ಇದೆಯೆ? ಅಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರ. ಓಡಿಹೋಗಿ ಯಾರನ್ನಾದರೂ ಹಿಡಿದು, ಸ್ಟೋರಿನ ಬಾಗಿಲು ತೆಗೆಸಿ ಕಣ್ಣಾರ ನೋಡಿಕೊಂಡು ಬಂದರಾಯಿತು. ಬಾಗಿಲ ಹತ್ತಿರ ಬಲಗಾಲಿಗೆ ಚಪ್ಪಲಿ ತೂರಿಸಿದಳು.

ಆಗ ಹೊಳೆಯಿತು. ಪಾಸ್‌ವರ್ಡ್ ಹೊಸದು ಮಾಡಿದೆ, ಸರಿ, ಆ ಪಾಸ್‌ವರ್ಡ್ ಇದ್ದವರು ಈ ಉಗ್ರಾಣದೊಳಗೆ ಬರಬಹುದು ಅಂತ ಅನುಮತಿಯ ಗುರುತು ಹಾಕಿದೆನೆ? ಹಾಕಿರಲಿಲ್ಲ. ಒಂದು ಕಾಲಿಗೆ ಚಪ್ಪಲಿ ಇದ್ದ ಹಾಗೇ ವಾಪಸು ಬಂದಳು, ನಿಂತುಕೊಂಡೇ ಗುರುತು ಹಾಕಿ ಪುಟವನ್ನು ಮತ್ತೆ ತೆರೆದಳು.

ಬಂತು. ಹಸಿರು, ಕೆಂಪು, ನಾಲ್ಕು ತಾಲ್ಲೂಕು, ಎಲ್ಲ ಬಂತು. “ಅಬ್ಬಾ ದೇವರೇ!” ಅಂತ ಭವ್ಯ ಒಬ್ಬಳೇ ಕೂಗಿಕೊಂಡಳು. ಬಲಗಾಲಿನ ಚಪ್ಪಲಿಯನ್ನು ಬಾಗಿಲ ಕಡೆಗೆ ಒದ್ದು ಕುರ್ಚಿಗೆ ಕೂತಳು. ಮಧುಗಿರಿಯ ಎದುರು ಕೆಂಪಿತ್ತು. ಪಾವಗಡ ರಸ್ತೆಯ ಎದುರು ಹಸಿರಿತ್ತು.

“ಅಣ್ಣಾ, ಸೈಟು ಸರಿಹೋಯ್ತು. ಮಧುಗಿರೀಲಿ ಇಲ್ಲ. ಪಾವಗಡ ರಸ್ತೆ ಆಸ್ಪತ್ರೇಲಿದೆ, ಬೇಕಾದಷ್ಟಿದೆ. ಅಲ್ಲಿಗೇ ಹೋಗಿ.”

ಅತ್ತ ಓಬಳರಾಜು ಆಟೋದ ವೇಗ ಇಳಿಸಿದ. “ಮಧುಗಿರೀಲಿ ಇಲ್ವಾ? ದಿಟವಾಗ್ಲೂ?”

“ಇಲ್ಲ ಕಣಣ್ಣ. ಎದುರಿಗೇ ಕಾಣ್ತಾ ಇದೆ ನಂಗೆ, ಕೆಂಪಿದೆ.”

“ಆಯ್ತಕ್ಕ. ತಿರುಗುಸ್ತೀನಿ.”

ಹಿಂದಿನಿಂದ ಕದರಮ್ಮನ ದನಿ ಬಂತು. ಮೊದಲಿನ ಹಾಗಿರಲಿಲ್ಲ. ನಾಲಿಗೆ ದಪ್ಪವಾದ ಹಾಗೆ, ನಿದ್ದೆಗಣ್ಣಲ್ಲಿ ಮಾತಾಡಿದ ಹಾಗೆ. “ಕಣ್ಣು ಎಳೀತಾವೆ ಕಣ್ಲಾ. ಯಾಕ್ಲಾ... ವಾಪಸ್ಸು...” ಅಷ್ಟರಲ್ಲಿ ಲೈನು ಕಡಿಯಿತು.

ತಿರುಗಿಸುತ್ತೀನಿ ಅಂದನಲ್ಲ, ಆ ಮಾತು ಭವ್ಯಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಎದುರಿನ ಹೋಟೆಲಿಗೆ ಕೈಮಾಡಿ ಚಾ ಹೇಳಿದಳು. ಸೈಟು ಬಳಸುವ ಊರವರ ವಾಟ್ಸಾಪ್ ಗುಂಪಿಗೆ ‘ಸೈಟ್ ಸರಿಯಾಯ್ತು’ ಅಂತ ಹಾಕಿದಳು, ಅತ್ತ ಕಡೆಯಿಂದ ಮುಗಿದ ಕೈಗಳು, ಹೂವುಗಳು ಬಂದವು. ಹಾಲೇಶಣ್ಣನನ್ನು ಕೇಳದೆಯೇ ಮಾಡಿದೆ ಅಂತ ಒಳಗೊಳಗೇ ಹಿಗ್ಗೂ ಆಯಿತು. ನಡುವೆ ಗಿರಾಕಿಗಳು ಬಂದು ಮುಕ್ಕಾಲು ಗಂಟೆ ಹೋಯಿತು, ಇನ್ನೊಂದು ಸಲ ಕೂಗಿದ ಮೇಲೆ ಚಾ ಬಂತು. ಕುಡಿಯುತ್ತಾ, ಸುಮ್ಮನೆ, ಮಧುಗಿರಿಯ ಕೆಂಪಿನ ಕೆಳಗಿದ್ದ ಸಣ್ಣ ಅಕ್ಷರ ಓದಿದಳು.

ಬೆಳಿಗ್ಗೆ ಎಂಟೂವರೆ. ಜಯರಾಮಯ್ಯ.

ಲೋಟ ಕೆಳಗಿಟ್ಟಳು. ಜಯರಾಮಯ್ಯ ಲೋಹಿತಾಳಿಗಿಂತ ಮುಂಚೆ ಆ ಕೆಲಸದಲ್ಲಿದ್ದವರು. ಆಷಾಢದಲ್ಲಿ ನಿವೃತ್ತರಾಗಿ ಮಗಳ ಊರಿಗೆ ಹೋಗಿದ್ದರು. ಬೀಳ್ಕೊಡುಗೆಯ ಫ್ಲೆಕ್ಸ್ ಮಾಡಿಸಿಕೊಟ್ಟವಳೇ ಭವ್ಯ, ಹಾರದ ಚಿತ್ರದೊಳಗೆ ಅವರ ಮುಖ ಕೂರಿಸಿದ್ದವಳೇ ಅವಳು. ನಿವೃತ್ತರಾದ ಮನುಷ್ಯ ಇವತ್ತು ಬೆಳಿಗ್ಗೆ ಹೇಗೆ ಒತ್ತಿದರು?

ಕಂಪನಿಯ ಪುಟಕ್ಕೆ ಹೋಗಿ, ಹಳೆ ಅಂದುಕೊಂಡಿದ್ದ ಉಗ್ರಾಣವನ್ನು ತೆರೆದಳು. ಪುಟದಲ್ಲಿ ಮೂಡದ ತಾರೀಖು ಉಗ್ರಾಣದಲ್ಲಿ ಇತ್ತು: ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಲೋಹಿತಾಳ ಹೆಸರು, ನಿನ್ನೆಯ ತಾರೀಖು. ಮಧುಗಿರಿ, ಇದೆ. ಅದರ ಕೆಳಗೆ ಪಾವಗಡ ರಸ್ತೆ, ಅದೂ ನಿನ್ನೆಯದೇ. ಇಲ್ಲ.

ಆಗಲೇ ಹಾಲೇಶನ ಫೋನು ಬಂತು. ಹಿನ್ನೆಲೆಯಲ್ಲಿ ಗಂಟೆಯ ಸದ್ದು, ಜನರ ಗುಜುಗುಜು. “ಏನಮ್ಮ, ಬೆಳಿಗ್ಗೆ ಫೋನ್ ಮಾಡಿದ್ಯಂತೆ? ಮಠದೊಳಗಿದ್ದೆ.”

“ಹಾಲೇಶಣ್ಣ, ಹಳೆ ಹೊಸ ಅಂತ ಎರಡು ಡೇಟಾಬೇಸ್ ಇದಾವಲ್ಲ, ನಾನು ಹೊಸಕ್ಕೆ ಸೇರಿಸ್ಬಿಟ್ಟೆ.”

“ಹೊಸಕ್ಕಾ? ಅಯ್ಯೋ, ಅದು ಯುಗಾದಿ ಟೈಮಲ್ಲಿ ಪರೀಕ್ಷೆಗೇಂತ ಮಾಡಿದ ನಕಲಮ್ಮ, ಹೊಸದಾಗಿ ಕಟ್ಟೋಣ ಅಂತ ಶುರು ಮಾಡಿ ಅಂಗೇ ಬಿಟ್ಟಿದ್ದು. ಇನ್ನೊಂದು ಹಳೆ ಅಲ್ಲ ಕಣಮ್ಮ.” ಹಾಲೇಶನ ದನಿ ಇಳಿಯಿತು. “ಅದು ಹಾಲೇ. ನನ್ನ ಹೆಸರು. ಕಾಲೇಜಲ್ಲಿ ಎಲ್ರೂ ಅಂಗೇ ಕರೀತಿದ್ರು, ಎಲ್ಲದಕ್ಕೂ ಅದನ್ನೇ ಹಾಕ್ತಿದ್ದೆ. ಯಾಕೆ, ಏನಾಯ್ತು? ಭವ್ಯಾ? ಯಾರಾದ್ರೂ ನೋಡಿದ್ರಾ?”

ಭವ್ಯ ಕಾಲ್ ಕಡಿದಳು. ಓಬಳರಾಜುವಿಗೆ ಮಾಡಿದಳು. ಆ ಗುಡ್ಡಗಳ ನಡುವೆ ಸಿಗ್ನಲ್ ಎಲ್ಲಿಂದ ಬರಬೇಕು? ವ್ಯಾಪ್ತಿ ಪ್ರದೇಶದಲ್ಲಿಲ್ಲ ಅಂತ ಯಾರೋ ಹೆಂಗಸು ತಣ್ಣಗೆ ಹೇಳಿದಳು. ಮತ್ತೆ ಮಾಡಿದಳು, ಮತ್ತೆ ಅದೇ ಹೆಂಗಸು. ಪಾವಗಡ ರಸ್ತೆಯ ಆಸ್ಪತ್ರೆಗೆ ಮಾಡಿದಾಗ ಒಬ್ಬ ನರ್ಸಮ್ಮ ಎತ್ತಿಕೊಂಡಳು.

“ಮಂದು ಲೇದಮ್ಮಾ, ಔಷಧಿ ಇಲ್ಲ. ಇಂಜೆಕ್ಷನ್ ಮೊನ್ನೇನೇ ಆಗೋಯ್ತು. ಇಲ್ಲ ಅಂತ ನಾನೇ ನಿನ್ನೆ ನಿಮ್ಮ ಸೈಟ್ನಾಗೆ ಒತ್ತೀನಲ್ಲ, ನೋಡ್ಲಿಲ್ವಾ?”

“ಒಬ್ರು ಆಟೋದಲ್ಲಿ ಬರ್ತಾವ್ರೆ. ಕದರಮ್ಮ ಅಂತ.”

“ಬಂದವ್ರೆ. ಈಗ ಇಳಿಸಿದ್ವಿ. ಕಣ್ಣು ಬಿಡ್ತಾ ಇಲ್ಲ, ಮಾತಿಲ್ಲ, ಉಸಿರು ನಿಲ್ತಾ ಐತೆ. ಡಾಕ್ಟರು ಉಸಿರಾಡಿಸೋ ಬಲೂನ್ ಒತ್ತುತಾ ಅವ್ರೆ. ಆಂಬುಲೆನ್ಸ್ ಐತೆ, ಅದ್ರಾಗೇ ಹಾಕ್ಕೊಂಡು ಮಧುಗಿರಿಗೇ ಬರ್ತೀವಿ. ಅಲ್ಲಿ ಐತಾ? ಐತೆ ಅಲ್ವಾ?”

“ಇದೆ” ಅಂದಳು ಭವ್ಯ. “ಇದೆ, ಇದೆ. ಬೇಗ ಬನ್ನಿ.”

ಶಟರ್ ಎಳೆಯಲಿಲ್ಲ, ಚಪ್ಪಲಿ ಹಾಕಲಿಲ್ಲ. ಬರಿಗಾಲಲ್ಲೇ ಓಡಿದಳು. ಕೂಗಳತೆಯ ದೂರ ಅಂದೆನಲ್ಲ, ಏದುಸಿರು ಬರುವಷ್ಟರಲ್ಲಿ ಆಸ್ಪತ್ರೆಯೊಳಗಿದ್ದಳು. ಲೋಹಿತಾ ಆಗಷ್ಟೇ ಬಂದು ಸ್ಟೋರಿನ ಬಾಗಿಲು ತೆಗೆಯುತ್ತಿದ್ದಳು. “ಭವ್ಯಕ್ಕ, ನಿಮ್ಮ ಮಿಸ್ಡ್ ಕಾಲ್ ಈಗ ನೋಡ್ದೆ. ಬೆಳಿಗ್ಗೆ ಒತ್ತೋಣ ಅಂದ್ರೆ ಸೈಟೇ ತೆಗೀಲಿಲ್ಲ” ಅಂದವಳು ಭವ್ಯಳ ಮುಖ ನೋಡಿ ಏನಾಯ್ತು ಅಂತ ಕೇಳಿದಳು. ವಿಷಯ ಕೇಳಿದ ಮೇಲೆ ಫ್ರಿಜ್ ತೆಗೆದು ಇಂಜೆಕ್ಷನ್ ತುಂಬಿದ ಡಬ್ಬಿ ತಂದಳು. ಡಾಕ್ಟರು ಮಂಚ ಸಿದ್ಧ ಮಾಡಿಸಿದರು. ಮೂವರೂ ಬಾಗಿಲಲ್ಲಿ ನಿಂತು ರಸ್ತೆ ನೋಡಿದರು.

ಅಂಥ ಕಾಯುವಿಕೆ ಶತ್ರುವಿಗೂ ಬೇಡ. ದೂರದಲ್ಲಿ ಯಾವ ಗಾಡಿ ಸದ್ದು ಮಾಡಿದರೂ ಭವ್ಯ ಗೇಟಿನ ತನಕ ಹೋಗಿ ನೋಡಿ ಬರುತ್ತಿದ್ದಳು. ಬರಲಿ, ಉಸಿರೊಂದು ಇದ್ದರೆ ಸಾಕು, ಮಿಕ್ಕದ್ದು ಡಬ್ಬಿಯಲ್ಲಿದೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಇದೇ ಮಾತನ್ನು ಊರದೇವತೆ ದಂಡಿನ ಮಾರಮ್ಮನಿಗೂ ಹೇಳಿಕೊಂಡಳು. ಕಡೆಗೆ ಆಂಬುಲೆನ್ಸ್ ಬಂತು. ಅದು ಅವಸರ ಮಾಡುತ್ತಿರಲಿಲ್ಲ. ಗೇಟಿನ ಹತ್ತಿರ ಅಡ್ಡ ನಿಂತ ಹಸುವಿಗೆ ಹಾರನ್ ಕೂಡ ಹೊಡೆಯದೆ, ಅದು ಪಕ್ಕಕ್ಕೆ ಹೋಗುವ ತನಕ ನಿಂತು ಒಳಗೆ ಬಂತು.

ಡಾಕ್ಟರು ಹತ್ತಿ ನೋಡಿದರು, ಇಳಿದರು. ಲೋಹಿತಾಳ ಕಡೆ ನೋಡಿ ಇಲ್ಲ ಅನ್ನುವ ಹಾಗೆ ತಲೆ ಆಡಿಸಿದರು. ಮಿಡಿಗೇಶಿ ದಾಟುವಾಗಲೇ ಜೀವ ಹೋಯಿತು ಅನ್ನುತ್ತಾ, ಜೊತೆಗೆ ಬಂದಿದ್ದ ನರ್ಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕದರಮ್ಮನ ಸೀರೆಯ ನೆರಿಗೆಯಲ್ಲಿ ಇನ್ನೂ ಕಡಲೆಕಾಯಿ ಗಿಡದ ಮಣ್ಣಿತ್ತು.

ಓಬಳರಾಜು ಇಳಿದು ಚಕ್ರದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಇನ್ನೂ ಅಳು ಬಂದಿರಲಿಲ್ಲ ಅವನಿಗೆ. ಎದುರಿಗೆ ಬರಿಗಾಲಲ್ಲಿ ನಿಂತವಳನ್ನು ನೋಡಿ, ದನಿಯ ಗುರುತಿನ ಮೇಲೆ ಕೇಳಿದ, “ನೀವೇನಾ ಅಕ್ಕ, ಪೋನ್ನಾಗೆ ಮಾತಾಡಿದ್ದು?”

ಭವ್ಯ ಹೌದು ಅಂತ ತಲೆ ಆಡಿಸಿದಳು.

“ಏನ್ ಮಾಡಕ್ಕಾಯ್ತದೆ ಬುಡಿ. ಎಲ್ಲೂ ಇರ್ಲಿಲ್ಲ ಔಸ್ದಿ, ದೊಡ್ಡ ಆಸ್ಪತ್ರೆ ಅಂತ ಇಲ್ಲಿಗೆ ತಂದ್ರು. ನೀವು ನಮ್ಮವರ ಥರ ಒದ್ದಾಡ್ದ್ರಿ.” ಅವನು ನೆಲ ನೋಡುತ್ತಾ ಮಾತಾಡಿದ. “ನಿಮ್ಮ ಪೋನ್ ಬರೋ ತಂಕ ಕಾಯೋದ್ಯಾಕೆ ಅಂತ ನಾನು ಮಧುಗಿರಿ ಕಡೀಕೇ ಬಂದ್ಬುಟ್ಟಿದ್ದೆ ಕಣಕ್ಕ. ಬಲು ದೂರ ಬಂದ್ಬುಟ್ಟಿದ್ದೆ. ಕ್ವಾಟೆ ಬೆಟ್ಟ ಕಾಣ್ತು ಕಣ್ಲಾ, ಬಂದೇಬುಟ್ವಿ ಅಂದ್ಳು ನಮ್ಮವ್ವ. ಅಷ್ಟೊತ್ಗೆ ನಿಮ್ಮ ಪೋನ್ ಬಂತು. ನೀವು ಹೇಳ್ದೆ ಇದ್ದಿದ್ರೆ ಸುಮ್ನೆ ಇಲ್ಲೀಗಂಟ ಬಂದು ಹೊತ್ತು ಹಾಳು ಮಾಡ್ತಿದ್ದೆ.”

ಲೋಹಿತಾ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದಳು. ಭವ್ಯ ಅವಳ ಕೈ ಹಿಡಿದು ತಡೆದಳು.

ಓಬಳರಾಜು ಕತ್ತೆತ್ತಿ ನೋಡಿದ. “ಅದೇನಕ್ಕ, ಆ ಡಬ್ಬೀನಾಗೆ?”

ಭವ್ಯ ಅವನ ಎದುರಿಗೆ ನೆಲದ ಮೇಲೆ ಕೂತು, ಆದದ್ದನ್ನು ಆದ ಹಾಗೇ ಹೇಳಿದಳು.